ಅವ್ವ ಕೊಟ್ಟ ಮಾತ್ರೆ

ಕ್ಯಾನ್ಸರ್ ಎಂದು ಥೈರಾಯ್ಡ್ ಗ್ರಂಥಿಯನ್ನೇ ತೆಗೆದ ಮೇಲೆ ನನಗೆ ದಿನವೂ ನೂರಿಪ್ಪತ್ತೈದು ಮೈಕ್ರೋಗ್ರಾಂನ ಮಾತ್ರೆ. ಅದು ಗ್ರಂಥಿಯ ಕೆಲಸ ಮಾಡಿದರಷ್ಟೇ ಸಾಲದು, ಟಿಎಸ್‌ಎಚ್ ಎಂಬ ಹಾರ್ಮೋನನ್ನು ತಗ್ಗಿಸಿಟ್ಟು ಕಾಯಿಲೆ ಮತ್ತೆ ತಲೆಯೆತ್ತದಂತೆಯೂ ನೋಡಿಕೊಳ್ಳಬೇಕು. ಅವ್ವನಿಗೂ ಥೈರಾಯ್ಡ್ ಇದೆ, ಎಲ್ಲರ ಮನೆಯಲ್ಲೂ ಇರುವಂಥದ್ದು. ಅವಳದು ಐವತ್ತರ ಮಾತ್ರೆ. ಎರಡೂ ಬಿಳಿ, ಎರಡೂ ಪುಟ್ಟವು. ಬೆಳಿಗ್ಗೆ ನನ್ನದನ್ನು ಅಂಗೈಗೆ ಹಾಕುವವಳು ಅವಳೇ. ಆಪರೇಷನ್ ಆಗಿ ಮಲಗಿದ್ದಾಗಿನ ರೂಢಿ.

ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ದಣಿವು ಶುರುವಾಯಿತು. ಗುಂಡ್ಲುಪೇಟೆಯಿಂದ ಚಾಮರಾಜನಗರದ ಕಾಲೇಜಿಗೆ ಹೋಗಿ ಬಸ್ಸಿಳಿಯುವಾಗಲೇ ನನ್ನ ದಿನ ಮುಗಿದಿರುತ್ತಿತ್ತು. ಪಾಠ ಮಾಡುವಾಗ ಗೊತ್ತಿರುವ ಪದವೇ ಸಿಗುತ್ತಿರಲಿಲ್ಲ. ಬಿಸಿಲಲ್ಲೂ ಸ್ವೆಟರ್ ಬೇಕು. ಸಂಜೆ ಮಲಗಿದರೆ ಅವ್ವ, "ಎದ್ದೇಳಮ್ಮಿ, ಮದ್ವೆ ಆಗೋ ಹೆಣ್ಣು ಇಂಗೆ ಮಲಿಕಂಡ್ರೆ ಆಯ್ತದಾ?" ಎನ್ನುತ್ತಿದ್ದಳು.

ಮೈಸೂರಿನ ಡಾಕ್ಟರು ರಿಪೋರ್ಟ್ ನೋಡಿ, ಟಿಎಸ್‌ಎಚ್ ತುಂಬಾ ಏರಿದೆ ಎಂದರು.

"ಮಾತ್ರೆ ಬಿಟ್ಟಿದ್ದೀರಾ?"

"ಇಲ್ಲ ಸರ್."

"ಓದಿದವರು ನೀವು. ಹೀಗೆ ಮಾಡಿದ್ರೆ ಕಾಯಿಲೆನ ನೀವೇ ಕರೆದ ಹಾಗೆ."

ಪಕ್ಕದಲ್ಲಿ ಕೂತಿದ್ದ ಅವ್ವ ತನ್ನ ಬಳೆ ನೋಡಿಕೊಳ್ಳುತ್ತಿದ್ದಳು. ಡಾಕ್ಟರು ಮಾತ್ರೆಯನ್ನು ನೂರೈವತ್ತಕ್ಕೆ ಏರಿಸಿದರು.

ವಾಪಸ್ ಬರುವಾಗ, ಬಸ್ಸು ಮೈಸೂರು ದಾಟಿದ ಮೇಲೆ, ಅವ್ವ ಮೆಲ್ಲಗೆ ಅಂದಳು: "ಅಷ್ಟ್ ಪವರ್‌ದು ನುಂಗ್ಬ್ಯಾಡ ಕಣಮ್ಮಿ. ಇಷ್ಟ್ ದಿನ ನಿಂಗೆ ಕೊಟ್ಟಿದ್ದು ನನ್ ಮಾತ್ರೆ."

ನಾನು ಅವಳ ಮುಖ ನೋಡಿದೆ.

"ಸಂತೆಮರಳ್ಳಿಯವ್ರು ನಿನ್ನ ನೋಡಕ್ಕೆ ಗೋಪಾಲಸ್ವಾಮಿ ಬೆಟ್ಟಕ್ಕೆ ಬಂದಿದ್ರಲ್ಲ, ಗುಡಿ ಬಾಗ್ಲಲ್ಲೇ ಕೇಳುದ್ರು, ಕತ್ತಿನ್ ಮ್ಯಾಲೆ ಅದೇನು ಗಾಯ ಅಂತ. ಥೈರಾಯ್ಡು, ನಂಗಿರೋದೇಯ, ನನ್ ಮಾತ್ರೆನೇ ಅವ್ಳೂ ನುಂಗೋದು ಅಂದ್ಬುಟ್ಟೆ. ದ್ಯಾವ್ರ ಮುಂದೆ ಆಡಿದ್ ಮಾತು ಸುಳ್ಳಾಗ್ಬಾರ್ದಲ್ಲ."

ಅವ್ವ ಸುಳ್ಳು ಹೇಳುವವಳಲ್ಲ. ಆಡಿದ ಮಾತನ್ನು ನನ್ನ ಮೈಯಲ್ಲಿ ನಿಜ ಮಾಡಿದ್ದಳು.

"ಡಾಕ್ಟ್ರು ನನ್ನ ಬೈತಿದ್ರಲ್ಲ, ಆಗಾದ್ರೂ ಹೇಳ್ಬಹುದಿತ್ತು."

"ಬೈಸ್ಕಂಡ್ರೆ ಏನಾಯ್ತು? ಮದ್ವೆ ನಿಂತೋಗ್ಬಾರ್ದು ಅಷ್ಟೇಯ."

ಅವಳ ದನಿಯಲ್ಲಿ ಪಶ್ಚಾತ್ತಾಪ ಹುಡುಕಿದೆ. ಭಯವಿತ್ತು, ಅದೂ ಹೊಸ ಮಾತ್ರೆಯ ಬಗ್ಗೆ. ನಾನು ನಂಬಿದ್ದು ಔಷಧಿಯನ್ನಲ್ಲ, ಅದನ್ನು ಕೊಡುವ ಕೈಯನ್ನು. ಬಾಟಲಿಯ ಚೀಟಿ ಓದಬೇಕೆಂದು ಒಮ್ಮೆಯೂ ಅನಿಸಿರಲಿಲ್ಲ.

ನಂಜನಗೂಡಿನಲ್ಲಿ ಬಸ್ಸು ನಿಂತಾಗ ಮೈಸೂರಿಗೆ ಮರಳಲು ಬ್ಯಾಗು ತೆಗೆದುಕೊಂಡು ಎದ್ದೆ. ಡಾಕ್ಟರಿಗೆ ನಿಜ ಗೊತ್ತಾಗದೆ ನೂರೈವತ್ತನ್ನು ನುಂಗುವಂತಿರಲಿಲ್ಲ.

"ಅವ್ರತ್ರ ಏನಂತ ಹೇಳೀಯೆ?"

"ನಡೆದದ್ದನ್ನ. ಸಂತೆಮರಹಳ್ಳಿಗೂ ಫೋನ್ ಮಾಡ್ತೀನಿ."

"ತಾಳಮ್ಮಿ, ನಾನೂ ಬತ್ತೀನಿ," ಎಂದು ಅವ್ವ ಸೀಟು ಹಿಡಿದು ಏಳತೊಡಗಿದಳು.

"ಅವ್ರು ಇಳಿಯಲ್ಲ, ಗುಂಡ್ಲುಪೇಟೆಗೆ ಹೋಗ್ತಾರೆ," ಎಂದು ಕಂಡಕ್ಟರಿಗೆ ಹೇಳಿ ಇಳಿದೆ. ಅವನು ಸೀಟಿ ಊದಿದ.