ಇಸ್ತ್ರಿ ಅಕ್ಕನ ಇಂಗ್ಲಿಷು

ಲಾಡ್ಜಿನ ನೆಲಮಾಳಿಗೆಯಲ್ಲಿ ನಾನು ಬೆಡ್‌ಶೀಟ್ ಮಡಚುವವಳು, ಅವಳು ಇಸ್ತ್ರಿ ಹಾಕುವವಳು. ಎಲ್ಲರಿಗೂ ಇಸ್ತ್ರಿ ಅಕ್ಕ. ನಿಂತು ನಿಂತು ಅವಳ ಕಾಲು ಬಾತು, ಸಂಜೆ ಹೊತ್ತಿಗೆ ಪಾದ ಚಪ್ಪಲಿಗೇ ತೂರುತ್ತಿರಲಿಲ್ಲ. ಮೇಲೆ ಕೌಂಟರಿನಲ್ಲಿ ಬೀಗದ ಕೈ ಕೊಡುವ ಕೆಲಸ ಖಾಲಿಯಿತ್ತು. ಅಲ್ಲಿ ಕುರ್ಚಿಯಿತ್ತು. ಅವಳಿಗೆ ಬೇಕಾದದ್ದು ಅಷ್ಟೇ, ಕೂತು ಮಾಡುವ ಕೆಲಸ.

"ಇಂಗ್ಲಿಷ್ ಕಲಿತ್ಕೋ, ಕುರ್ಚಿ ನಿಂದೇ," ಅಂದ ಮ್ಯಾನೇಜರ್. ಬಾಯಿ ಬೆಲ್ಲ, ಕರುಳು ಕತ್ತರಿ ಅಂತಾರಲ್ಲ, ಅಂಥ ಆಸಾಮಿ.

ಒಂದೇ ಥರ ಕೇಳುವ ಪದ ಬಂದರೆ ಅವಳ ನಾಲಿಗೆ ತೊಡರುತ್ತಿತ್ತು. ಅದು ಗೊತ್ತಾಗಿದ್ದೇ ತಡ, ದೊಡ್ಡ ಗಿರಾಕಿಗಳು ಬಂದು ಕೂತಾಗಲೆಲ್ಲ ಮೇಲಿಂದ ಕರೆ: "ಅಕ್ಕಾ, ಪರೀಕ್ಷೆ!" ಇವಳು ಬೆವರೊರೆಸಿಕೊಂಡು, ಕುಂಟುತ್ತಾ ಮೆಟ್ಟಿಲು ಹತ್ತಿ, ಕೈಕಟ್ಟಿ ನಿಲ್ಲುವಳು. ಚೆನ್ನಾಗಿ ಮಲಗಿ ಅನ್ನೋಕೆ ಹೋಗಿ ಚೆನ್ನಾಗಿ ಜಾರಿ ಬೀಳಿ ಅನ್ನುವಳು, ಸ್ಲೀಪ್ ಹೋಗಿ ಸ್ಲಿಪ್. ಸ್ವಲ್ಪ ಕಾಯಿರಿ ಅನ್ನುವ ಕಡೆ ಸ್ವಲ್ಪ ಒದ್ದೆಯಾಗಿ, ವೇಟ್ ಹೋಗಿ ವೆಟ್. ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವರು. ಮೆಚ್ಚಿ ನಗ್ತಾರೆ ಅಂತ ಈ ಪೆದ್ದಿಯ ಲೆಕ್ಕ.

"ನಿನ್ನ ಕೋತಿ ಥರ ಕುಣಿಸ್ತಿದಾನೆ ಕಣಕ್ಕ," ಅಂದೆ.

"ಕುಣೀತೀನಿ ಬಿಡು. ಆಮೇಲೆ ಕೂರ್ತೀನಲ್ಲ," ಅಂದಳು.

ಮನೆಯಲ್ಲಿ ಮಗಳ ಕೈಲಿ ಪಾಠ ಹೇಳಿಸಿಕೊಂಡಳು. ಇಸ್ತ್ರಿ ಎಳೆಯುತ್ತಲೇ ಫುಲ್, ಫೂಲ್ ಅಂತ ಗೊಣಗಿ ಕೈ ಸುಟ್ಟುಕೊಂಡದ್ದೂ ಉಂಟು. ಕೊನೆಗೊಂದು ದಿನ ಗಿರಾಕಿಗಳ ಮುಂದೆ ಒಂದೂ ತಪ್ಪಿಲ್ಲದೆ ಒಪ್ಪಿಸಿಬಿಟ್ಟಳು. ಯಾರೂ ನಗಲಿಲ್ಲ. ಒಬ್ಬ ಆಕಳಿಸಿ ಫೋನು ತೆಗೆದ.

"ಸಾರ್, ಕುರ್ಚಿ?"

"ಯಾವ ಕುರ್ಚಿ? ತಮಾಷೆಗೆ ಅಂದಿದ್ದನ್ನ ನಿಜ ಅಂದ್ಕೊಂಡ್ಯಾ? ಮಜಾನೇ ಕೆಡಿಸಿದೆ, ಹೋಗು ಕೆಳಗೆ."

ಅವತ್ತು ಅವಳು ಅಳಲಿಲ್ಲ. ಅತ್ತಿದ್ದರೇ ಚೆನ್ನಾಗಿತ್ತು.

ಆಮೇಲೆ ಆ ಪಾಪಿ ಮ್ಯಾನೇಜರ್ ಪಾತ್ರೆ ತೊಳೆಯುವವಳಿಗೆ ಅದೇ ಕುರ್ಚಿಯ ಆಸೆ ಹುಟ್ಟಿಸಿದ. ಅವಳು ತುಂಬು ಬಸುರಿ. ಊಟದ ಹೊತ್ತಲ್ಲಿ ಸೊಂಟ ಹಿಡಿದುಕೊಂಡು ನಮ್ಮ ಹತ್ತಿರ ಬಂದಳು. "ಅಕ್ಕಾ, ನೀವು ಕಲ್ತಿದೀರಲ್ಲ, ಒಂಚೂರು ಹೇಳ್ಕೊಡ್ರಿ."

ಇಸ್ತ್ರಿ ಅಕ್ಕ ಪಕ್ಕದಲ್ಲೇ ಕೂರಿಸಿಕೊಂಡು, ತಲೆ ಸವರಿ, ತಾಳ್ಮೆಯಿಂದ ಹೇಳಿಕೊಟ್ಟಳು. "ಮಲಗೋದಕ್ಕೆ ಸ್ಲಿಪ್ ಅನ್ನು. ಕಾಯಿರಿ ಅನ್ನೋಕೆ ವೆಟ್. ಬಾಯಿಪಾಠ ಮಾಡು ಮಗಳೇ."

ಬಸುರಿ ಆ ಕಡೆ ಹೋದದ್ದೇ ನನಗೆ ಮೈಯೆಲ್ಲ ಉರಿದುಹೋಯಿತು. "ಹೊಟ್ಟೆಗೆ ಅನ್ನ ತಿನ್ನಲ್ವಾ ನೀನು? ಹೇಗಿದ್ರೂ ಅವನು ಕುರ್ಚಿ ಕೊಡೋನಲ್ಲ. ಬಸುರೀನ ಯಾಕೆ ನಗೆಪಾಟಲು ಮಾಡ್ತೀಯಾ?"

"ಅಪ್ಪಿತಪ್ಪಿ ಕೊಟ್ಟುಬಿಟ್ರೆ?" ಅಂದಳು ಇಸ್ತ್ರಿ ಅಕ್ಕ. "ಅವಳು ಅಲ್ಲಿ ಕೂತಿರೋದನ್ನ ನೋಡ್ಕೊಂಡು ನಾನು ಬದುಕ್ತೀನಾ?"