ಅತ್ತೆಯ ಕೈಗೆ ಒಪ್ಪಿದ ರೇಡಿಯೊ

ಚೈತ್ರಾ, ವಿನಯ, ಇದು ಎಪ್ಪತ್ತಾರನೇ ಇಸವಿಯ ಮಾತು. ಆಗ ನಾವು ಜಯನಗರದ ಪಕ್ಕದ ಸಿದ್ದಾಪುರದಲ್ಲಿ ಬಾಡಿಗೆಗಿದ್ದೆವು. ನನ್ನ ಅತ್ತೆಗೆ, ಅಂದರೆ ನಿಮ್ಮ ತಾತನ ತಾಯಿಗೆ, ಕಣ್ಣು ಪೂರ್ತಿ ಹೋಗಿತ್ತು. ನಾನು ಅಡುಗೆಮನೆ ಸೇರಿದರೆ ಅವರು ಗೋಡೆಗೆ ಒರಗಿ ಸುಮ್ಮನೆ ಕುಳಿತಿರುತ್ತಿದ್ದರು. ಅವರಿಗೊಂದು ರೇಡಿಯೊ ಕೊಡಿಸಲು ನಿಮ್ಮ ತಾತ ಹೊರಟರು. ಅತ್ತೆಯ ಕೈ ಹಿಡಿದುಕೊಂಡು ನಾನೂ ಹೋದೆ.

ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿ ತುಂಬ ಒಂದೇ ದೊಡ್ಡ ಕಂಪನಿಯ ರೇಡಿಯೊಗಳು. ನಮ್ಮ ಬೀದಿಯ ಮನೆಗಳಲ್ಲೂ ಅದೇ ಇತ್ತು. ಮುಂಭಾಗದಲ್ಲಿ ಒಂದೇ ಅಳತೆಯ ನಾಲ್ಕು ನುಣುಪು ಗುಂಡಿಗಳು. ಅತ್ತೆ ತಡಕಾಡಿ ಒಂದನ್ನು ತಿರುಗಿಸಿದರು. ಸದ್ದು ಜೋರಾಗುವ ಬದಲು ಸ್ಟೇಷನ್ನೇ ತಪ್ಪಿ ಗೊರಗೊರ ಎಂದಿತು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು.

"ಯಾರಾದ್ರೂ ಹಾಕ್ಕೊಡ್ತಾರೆ ಬಿಡಿ ಅಜ್ಜಿ," ಎಂದರು ಅಂಗಡಿಯವರು.

ಮೇಲಿನ ಹಲಗೆಯಲ್ಲಿ ಅರ್ಧಕ್ಕೆ ಬಟ್ಟೆ ಮುಚ್ಚಿದ್ದ ಇನ್ನೊಂದು ರೇಡಿಯೊ ಕಂಡಿತು. ಹೊರಗಿನವರ ಮುಂದೆ ನನಗೆ ನಾಲಗೆಯೇ ಏಳುತ್ತಿರಲಿಲ್ಲ. ಆದರೂ ಕೇಳಿದೆ, "ಅದನ್ನ ಸ್ವಲ್ಪ ಇಳಿಸ್ತೀರಾ?"

"ಅದು ಸಣ್ಣ ಕಂಪನಿದು ಅಮ್ಮ. ಮುಂದೆ ಇಟ್ರೆ ದೊಡ್ಡ ಕಂಪನಿಯೋರು ನಮಗೆ ಮಾಲು ಕೊಡೋದೇ ನಿಲ್ಲಿಸ್ತಾರೆ."

"ಎಲ್ರೂ ತಗೊಳ್ಳೋದನ್ನೇ ತಗೊಳ್ಳೋಣ ಕಣೇ," ಎಂದರು ತಾತ.

"ಮಡಕೆ ತಗೊಳ್ಳೋವಾಗ್ಲೂ ಮುಟ್ಟಿ ತಟ್ಟಿ ನೋಡ್ತೀವಲ್ಲ ರೀ. ಅತ್ತೆ ಒಂದ್ಸಲ ಮುಟ್ಟಿ ನೋಡ್ಲಿ."

ಅಂಗಡಿಯವರು ನಕ್ಕರು. "ಕಣ್ಣು ಕಾಣದೋರಿಗೆ ಯಾವ ಕಂಪನಿ ಆದ್ರೇನಮ್ಮ?"

"ಕಣ್ಣು ಹೋದ್ರೆ ಬೆರಳೂ ಹೋಯ್ತೇನಪ್ಪ?" ಎಂದರು ಅತ್ತೆ.

ಅಂಗಡಿಯವರು ಬಟ್ಟೆ ಸರಿಸಿ ಅದನ್ನು ಇಳಿಸಿಕೊಟ್ಟರು. ಅದಕ್ಕೆ ಎರಡೇ ಗುಂಡಿ. ಸದ್ದಿಗೆ ಅಂಚೆಲ್ಲ ಹಲ್ಲುಹಲ್ಲಾಗಿದ್ದ ದೊಡ್ಡದು, ಸ್ಟೇಷನ್ನಿಗೆ ನುಣುಪಾದ ಚಿಕ್ಕದು. ಅತ್ತೆ ಹಾಕಿದರು, ಆರಿಸಿದರು, ಮತ್ತೆ ಹಾಕಿದರು.

"ಇದೇ ಇರ್ಲಿ ಕಣೋ," ಎಂದರು ಮಗನಿಗೆ. ತಾತ ದುಡ್ಡು ಎಣಿಸಿ ಕೊಟ್ಟರು.

ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚುತ್ತಿರುವಾಗ ನಡುಮನೆಯಲ್ಲಿ ವಾರ್ತೆ ಶುರುವಾಯಿತು. ಅತ್ತೆ ಯಾರನ್ನೂ ಕರೆದಿರಲಿಲ್ಲ. ಇಣುಕಿದರೆ, ರೇಡಿಯೊ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. "ಸದ್ದು ಜಾಸ್ತಿ ಆಯ್ತೇನೆ?" ಎಂದು ಕೇಳಿ, ತಾವೇ ತಗ್ಗಿಸಿದರು.

ಅವರ ಆ ಮುಖ ನೆನೆದರೆ ಇಂದಿಗೂ ಮನಸ್ಸು ತುಂಬುತ್ತದೆ. ಊರೆಲ್ಲ ಕೊಳ್ಳುವ ವಸ್ತು ಕೆಟ್ಟದ್ದೇನಲ್ಲ. ಆದರೆ ಕೊಳ್ಳುವ ಮೊದಲು ಬಳಸುವವರ ಕೈಗೆ ಒಮ್ಮೆ ಕೊಟ್ಟು ನೋಡಬೇಕು, ಮಕ್ಕಳೇ. ಇಷ್ಟನ್ನು ಹೇಳಲಿಕ್ಕೆಂದೇ ಬರೆದೆ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.