ಕಾಲು ಊರಿ ನೋಡಿ, ಸಾರ್

ಹನುಮಂತನಗರದ ಆ ಸೈಕಲ್ ರಿಪೇರಿಯವರ ಬಾಯಲ್ಲಿ ಇದ್ದಿದ್ದು ಒಂದೇ ಮಾತು: "ಕಾಲು ಊರಿ ನೋಡಿ, ಸಾರ್." ಬ್ರೇಕ್ ಹಿಡೀತಿಲ್ಲ ಅಂದ್ರೂ ಅದೇ, ಬೆಲ್ ಹಾಕ್ಕೊಡಿ ಅಂದ್ರೂ ಅದೇ.

ನನಗೆ ಕಾಲು ಊರುವ ಯೋಗವೇ ಇರಲಿಲ್ಲ. ಐದಡಿ ಮುಟ್ಟದ ನಾನು ನಲವತ್ತು ದಾಟಿದ ಮೇಲೆ, ಬರೀ ಗತ್ತಿಗೆ, ಎತ್ತರದ ಸೈಕಲ್ ಕೊಂಡಿದ್ದೆ. ಮನೆ ಕಟ್ಟೆಯಿಂದ ಹತ್ತುತ್ತಿದ್ದೆ, ಇಳಿಯಲು ಫುಟ್‌ಪಾತ್ ಅಂಚು ಹುಡುಕುತ್ತಿದ್ದೆ. ಒಂದು ದಿನ ಬನಶಂಕರಿ ಸಿಗ್ನಲ್ಲಿನಲ್ಲಿ ಅಂಚು ಸಿಗದೆ ಪಕ್ಕದ ಆಟೋವನ್ನೇ ತಬ್ಬಿಕೊಂಡು ನಿಂತೆ. ಡ್ರೈವರ್ ತಣ್ಣಗೆ ಕೇಳಿದ: "ಎಲ್ಲಿಗೆ ಸಾರ್?"

ಮಾರನೇ ದಿನವೇ ಸೈಕಲ್ಲನ್ನು ನನ್ನ ಅಳತೆಗೆ ಮಾಡಿಸಲು ರಿಪೇರಿಯವರ ಹತ್ತಿರ ಒಯ್ದೆ. ಅವರು ಟೇಪ್ ಹಿಡಿಯುತ್ತಿರಲಿಲ್ಲ. ಗಿರಾಕಿಯನ್ನು ಅಂಗಡಿ ಗೋಡೆಗೆ ಒರಗಿಸಿ, ನೆತ್ತಿ ಮೇಲೆ ಸ್ಪ್ಯಾನರ್ ಅಡ್ಡ ಇಟ್ಟು, ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ನನಗೂ ಹಾಗೇ ಎಳೆದರು. ಅಲ್ಲಿ ಇನ್ನಿಬ್ಬರು ಕಾಯುತ್ತಿದ್ದರಲ್ಲ, ನಾನು ಯಾರೂ ಕೇಳದೆಯೇ ಜೋರಾಗಿ ಹೇಳಿದೆ: "ಐದು ನಾಲ್ಕು ಅಂತ ಬರ್ಕೊಳ್ಳಿ."

"ಆಯ್ತು ಸಾರ್."

ವಾರ ಬಿಟ್ಟು ಹೋದಾಗ, ನನ್ನ ಸೈಕಲ್ ಬದಲಿಗೆ ಅಡ್ಡಕಂಬಿ ಇಲ್ಲದ ಒಂದು ಚಿಕ್ಕ ಹಳೇ ಸೈಕಲ್ ಸಿದ್ಧವಾಗಿತ್ತು. ಸೀಟು ಇಳಿಸಿ, ಹ್ಯಾಂಡಲ್ಲನ್ನು ನನ್ನ ಕೈಗೆಟುಕುವಷ್ಟು ಹಿಂದಕ್ಕೆ ಬಾಗಿಸಿದ್ದರು.

"ಲೇಡೀಸ್ ಸೈಕಲ್ಲಾ?" ಅಂತ ಮುಖ ಊದಿಸಿದೆ.

"ಕಾಲು ಊರಿ ನೋಡಿ, ಸಾರ್."

ಊರಿದೆ. ಎರಡೂ ನೆಲ ಮುಟ್ಟಿದವು.

ಹೊರಡುವಾಗ ಗೋಡೆ ಕಡೆ ತಿರುಗಿದೆ. ಗೆರೆ ನನ್ನ ನೆತ್ತಿಗೆ ಸರಿಯಾಗಿತ್ತು, ಒಂದು ಕೂದಲಷ್ಟೂ ಮೇಲಿರಲಿಲ್ಲ. ಅದರ ಪಕ್ಕ ದುಂಡಗೆ ಬರೆದಿದ್ದರು: ಐದು ನಾಲ್ಕು.